ಶಾಲು ಯಾರಿಗೆ ಹೊದಿಸೋದು? ಒಂದು ಡೆಂಟಲ್ ಕಾಲೇಜಿನ ಉತ್ತಮ ಶಿಕ್ಷಕ ಪ್ರಶಸ್ತಿಯ ಪ್ರಕರಣ

ಇದು ಕರ್ನಾಟಕದ ಒಂದು ಖಾಸಗಿ ಡೆಂಟಲ್ ಕಾಲೇಜಿನ ಪ್ರಕರಣ. ಯಾರ ಗುರುತೂ ಸಿಗಬಾರದು ಎಂದು ಕೆಲವು ವಿವರಗಳನ್ನು ಆಚೀಚೆ ಮಾಡಿದ್ದೇನೆ. ಪ್ರಶಸ್ತಿ ಸಮಿತಿಯಲ್ಲಿ ನಾನೂ ಇದ್ದೆ. ನನ್ನದು ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ವಿಭಾಗ. ಕ್ಯಾಂಪು, ಸರ್ವೆ, ಫಾರ್ಮು ನಮ್ಮ ಕೆಲಸ. "ಪ್ರಶ್ನಾವಳಿ ಮಾಡೋದು ಇವರಿಗೇ ಸರಿ" ಎಂದು ನನ್ನನ್ನು ಸಮಿತಿಗೆ ಎಳೆದುಕೊಂಡರು.

ಹಿನ್ನೆಲೆ

ಡೆಂಟಲ್ ಕಾಲೇಜಿನ ಒಳಗನ್ನು ನೋಡದವರಿಗೆ ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿನ ನಿಜವಾದ ಪಾಠ ಲೆಕ್ಚರ್ ಹಾಲ್‌ನಲ್ಲಿ ನಡೆಯೋದು ಕಡಿಮೆ. ಬಿಡಿಎಸ್ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಮಕ್ಕಳು ಮೇಣದ ತುಂಡಿನಲ್ಲಿ ಹಲ್ಲು ಕೆತ್ತುತ್ತಾರೆ. ಎರಡನೇ ವರ್ಷ ಪ್ರಿ-ಕ್ಲಿನಿಕಲ್ ಲ್ಯಾಬ್. ಅಲ್ಲಿ ಫ್ಯಾಂಟಮ್ ಹೆಡ್ ಎಂಬ ಬೊಂಬೆ ತಲೆಯ ಬಾಯಲ್ಲಿ ಪ್ಲಾಸ್ಟಿಕ್ ಹಲ್ಲುಗಳ ಸೆಟ್ ಕೂರಿಸಿ, ಏರೋಟರ್ ಎಂಬ ಡ್ರಿಲ್ ಹಿಡಿದು ಕೊರೆಯೋದನ್ನು ಕಲಿಯುತ್ತಾರೆ. ಮೂರನೇ ವರ್ಷದಿಂದ ಎದುರಿಗೆ ಜೀವಂತ ರೋಗಿ. ಪ್ರತಿ ಹಂತಕ್ಕೂ ಸ್ಟಾಫ್ ಬಂದು ನೋಡಿ ರೆಕಾರ್ಡ್ ಪುಸ್ತಕದಲ್ಲಿ ಸಹಿ ಹಾಕಬೇಕು. ಇಷ್ಟು ಫಿಲ್ಲಿಂಗ್, ಇಷ್ಟು ಎಕ್ಸ್‌ಟ್ರಾಕ್ಷನ್, ಇಷ್ಟು ಡೆಂಚರ್ ಎಂದು ಒಂದು ಕೋಟಾ ಇರುತ್ತದೆ. ಕೋಟಾ ಮುಗಿಯದೆ ಪರೀಕ್ಷೆಯ ಹತ್ತಿರ ಹೋಗೋದು ಕಷ್ಟ.

ಹಾಗಾಗಿ ಡೆಂಟಲ್ ಶಿಕ್ಷಕರ ಕೆಲಸದ ಬಹುಪಾಲು ವಿದ್ಯಾರ್ಥಿಯ ಮೊಣಕೈ ಪಕ್ಕ ನಿಂತು ಮಾಡುವಂಥದ್ದು. 1920ರಲ್ಲಿ ಆರ್. ಅಹ್ಮದ್ ಅವರು ಕಲ್ಕತ್ತಾದಲ್ಲಿ ದೇಶದ ಮೊದಲ ಡೆಂಟಲ್ ಕಾಲೇಜು ಶುರು ಮಾಡಿದಾಗಲೂ ಹೀಗೇ ಇದ್ದಿರಬೇಕು. 1958ರಲ್ಲಿ ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು ಶುರುವಾದಾಗಲೂ ಅಷ್ಟೇ. ಸಲಕರಣೆ ಬದಲಾಗಿದೆ, ಕೈ ನೋಡಿ ಕೈಗೆ ಹೇಳಿಕೊಡೋದು ಬದಲಾಗಿಲ್ಲ. ತೊಂದರೆ ಏನೆಂದರೆ, ಆ ಹೊತ್ತಿನಲ್ಲಿ ಅಲ್ಲಿ ಇರೋದು ಇಬ್ಬರೇ: ಶಿಕ್ಷಕರು, ವಿದ್ಯಾರ್ಥಿ. ಬೊಂಬೆ ತಲೆಯನ್ನು ಸೇರಿಸಿದರೆ ಮೂವರು. ಹೊರಗಿನವರಿಗೆ ಅದು ಕಾಣೋದೇ ಇಲ್ಲ.

ಬಡ್ತಿಯ ಕಾಗದದಲ್ಲೂ ಕಾಣೋದಿಲ್ಲ. ಲೆಕ್ಚರರ್‌ನಿಂದ ರೀಡರ್, ರೀಡರ್‌ನಿಂದ ಪ್ರೊಫೆಸರ್ ಆಗಲು ಡಿಗ್ರಿ ಬೇಕು, ವರ್ಷಗಳ ಅನುಭವ ಬೇಕು, ಪ್ರಕಟವಾದ ಪ್ರಬಂಧಗಳು ಬೇಕು. ಪಾಠ ಎಷ್ಟು ಚೆನ್ನಾಗಿ ಹೇಳಿಕೊಡ್ತಾರೆ ಅನ್ನೋದಕ್ಕೆ ನಮ್ಮ ಕಾಲೇಜಿನ ಫಾರ್ಮಿನಲ್ಲಿ ಕಾಲಂ ಇರಲಿಲ್ಲ. ಇದು ನಮ್ಮೊಬ್ಬರ ಕಥೆಯೂ ಅಲ್ಲ. ಸಂಶೋಧನೆಯಷ್ಟೇ ಬೋಧನೆಯನ್ನೂ ವಿದ್ವತ್ತಿನ ಕೆಲಸ ಎಂದು ಎಣಿಸಿ ಎಂದು ಅಮೆರಿಕದ ಶಿಕ್ಷಣ ಚಿಂತಕ ಅರ್ನೆಸ್ಟ್ ಬೋಯರ್ 1990ರಲ್ಲೇ ವಾದ ಮಾಡಿದ್ದರು. ಆ ವಾದವನ್ನು ಯಾರೂ ತಪ್ಪು ಅನ್ನೋದಿಲ್ಲ. ಜಾರಿಗೆ ತರುವವರು ಕಡಿಮೆ, ಅಷ್ಟೇ.

ಹಾಗಾಗಿ ನಮ್ಮಲ್ಲಿ ಒಳ್ಳೆಯ ಬೋಧನೆಗೆ ಮನ್ನಣೆ ಅಂತ ಇದ್ದದ್ದು ಒಂದೇ. ಸೆಪ್ಟೆಂಬರ್ 5ರಂದು ಶಿಕ್ಷಕರ ದಿನಾಚರಣೆಯಲ್ಲಿ 'ಉತ್ತಮ ಶಿಕ್ಷಕ' ಪ್ರಶಸ್ತಿ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಒಂದು ಫಲಕ. ಬಹಳ ವರ್ಷ ಅದು ಸರದಿಯ ಮೇಲೆ ಹೋಗುತ್ತಿತ್ತು. ಆ ವರ್ಷ ಯಾರು ರಿಟೈರ್ ಆಗ್ತಾರೋ ಅವರಿಗೆ. ಯಾರೂ ರಿಟೈರ್ ಆಗದಿದ್ದರೆ ಸೀನಿಯರ್ ಆದವರಿಗೆ. ಯಾರಿಗೂ ಬೇಸರವಿರಲಿಲ್ಲ, ಪ್ರಶಸ್ತಿಗೆ ಅರ್ಥವೂ ಇರಲಿಲ್ಲ.

ಸಮಸ್ಯೆ ಹುಟ್ಟಿದ್ದು

ಹೊಸ ಪ್ರಿನ್ಸಿಪಾಲ್ ಬಂದರು. "ಸರದಿ ಬೇಡ, ಮಕ್ಕಳನ್ನೇ ಕೇಳೋಣ" ಎಂದರು. ಗೂಗಲ್ ಫಾರ್ಮ್ ಹೋಯಿತು. ಪಾಠ ಅರ್ಥವಾಗುತ್ತದೆಯೇ, ಸಮಯಕ್ಕೆ ಬರುತ್ತಾರೆಯೇ, ಸ್ನೇಹದಿಂದ ಮಾತಾಡುತ್ತಾರೆಯೇ, ಹೀಗೆ ಐದಕ್ಕೆ ಎಷ್ಟು ಎಂದು ಅಂಕ ಹಾಕಬೇಕು.

ಗೆದ್ದವರು ಪ್ರಾಸ್ಥೋ, ಅಂದರೆ ಕೃತಕ ಹಲ್ಲು ಕಟ್ಟುವ ವಿಭಾಗದ ಒಬ್ಬ ಸರ್. ಮುಂದಿನ ವರ್ಷವೂ ಅವರೇ. ಅವರ ಬಗ್ಗೆ ಕೆಟ್ಟದ್ದು ಹೇಳೋಕೆ ಏನೂ ಇಲ್ಲ. ಕೈಚಳಕ ಅಂದರೆ ಅವರದ್ದು. ಕೆಳಗಿನ ದವಡೆಯ ಸಡಿಲ ಡೆಂಚರ್ ತಂದ ಅಜ್ಜಿಯರು ಇವರನ್ನೇ ಹುಡುಕಿಕೊಂಡು ಬರ್ತಾರೆ. ಕ್ಲಿನಿಕ್‌ನಲ್ಲಿ ಯಾವ ವಿದ್ಯಾರ್ಥಿಯೂ ಅವರ ಕೈಲಿ ಬೈಸಿಕೊಂಡಿಲ್ಲ. ಬಾರ್ಡರ್ ಮೋಲ್ಡಿಂಗ್, ಅಂದರೆ ಡೆಂಚರ್ ಅಚ್ಚಿನ ಅಂಚು ರೂಪಿಸೋದು, ಸರಿ ಬರದೆ ಒದ್ದಾಡುತ್ತಿದ್ದರೆ ಪಕ್ಕ ಬಂದು, "ಕೊಡಪ್ಪ ಇಲ್ಲಿ" ಎಂದು ಗ್ರೀನ್ ಸ್ಟಿಕ್ ಎಂಬ ಮೇಣದಂಥ ಕಡ್ಡಿಯನ್ನು ತಾವೇ ಕಾಯಿಸಿ, ಕ್ಷಣದಲ್ಲಿ ಮುಗಿಸಿ, ಸಹಿ ಹಾಕಿ ಹೋಗ್ತಾರೆ. ರೋಗಿಗೂ ಖುಷಿ, ಹುಡುಗನಿಗೂ ಖುಷಿ, ಕೋಟಾದಲ್ಲಿ ಒಂದು ಹಂತ ಕಡಿಮೆ.

ಪಟ್ಟಿಯ ಕೆಳಗಿನ ಭಾಗದಲ್ಲಿ ಕಾನ್ಸ್ ವಿಭಾಗದ ಒಬ್ಬ ರೀಡರ್ ಮೇಡಂ ಇದ್ದರು. ಕಾನ್ಸ್ ಅಂದರೆ ಕನ್ಸರ್ವೇಟಿವ್ ಡೆಂಟಿಸ್ಟ್ರಿ, ಹುಳುಕು ತೆಗೆದು, ಕುಳಿ ಕೊರೆದು (ಅದೇ ಕ್ಯಾವಿಟಿ) ತುಂಬೋದು, ರೂಟ್ ಕೆನಾಲ್ ಮಾಡೋದು. ಮೇಡಂ ಜಾಸ್ತಿ ಇರೋದು ಎರಡನೇ ವರ್ಷದ ಲ್ಯಾಬ್‌ನಲ್ಲಿ. ಅವರ ಸಹಿ ಸುಲಭಕ್ಕೆ ಸಿಗೋದಿಲ್ಲ ಎಂದು ಇಡೀ ಕಾಲೇಜಿಗೆ ಗೊತ್ತು. ಫಾರ್ಮಿನ ಕೊನೆಯ ಖಾಲಿ ಜಾಗದಲ್ಲಿ ಅವರ ಬಗ್ಗೆ ಬಂದ ಮಾತುಗಳು ಸಿಹಿಯಾಗಿರಲಿಲ್ಲ. "ಒಂದೇ ಕ್ಯಾವಿಟಿ ಮೂರು ಸಲ ಮಾಡಿಸ್ತಾರೆ", "ಹಾಸ್ಟೆಲ್ ಬಸ್ ತಪ್ಪಿಸ್ತಾರೆ", "ಉತ್ತರ ಹೇಳಲ್ಲ, ಪ್ರಶ್ನೆನೇ ಕೇಳ್ತಾರೆ". ಕೊನೆಯದನ್ನು ದೂರು ಎಂದು ಬರೆದಿದ್ದರು.

ಹಾಗಾದರೆ ಮಕ್ಕಳ ಮತ ತಪ್ಪೇ? ಪ್ರಿನ್ಸಿಪಾಲ್ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ವಿದ್ಯಾರ್ಥಿಗಳು ಕೊಡುವ ಅಂಕದ ಬಗ್ಗೆ ಹಳೆಯ ತಕರಾರುಗಳಿವೆ. 1970ರಲ್ಲಿ ಅಮೆರಿಕದಲ್ಲಿ ಒಬ್ಬ ನಟನಿಗೆ 'ಡಾ. ಫಾಕ್ಸ್' ಎಂದು ಹೆಸರಿಟ್ಟು, ತಲೆಬುಡ ಇಲ್ಲದ ಒಂದು ಉಪನ್ಯಾಸವನ್ನು ಚೆಂದದ ಮಾತು, ನಗೆಚಾಟಿಕೆ ಸೇರಿಸಿ ಮಾಡಿಸಿದರು. ಕೇಳಿದವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಓದಿದ ಜನ. ಒಳ್ಳೆಯ ಅಂಕ ಕೊಟ್ಟರು! ಅದರ ವರದಿ 1973ರಲ್ಲಿ ಬಂತು. 2017ರಲ್ಲಿ ಬಾಬ್ ಉಟ್ಲ್ ಎಂಬ ಸಂಶೋಧಕ ಮತ್ತು ಜೊತೆಗಾರರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದರು. ವಿದ್ಯಾರ್ಥಿಗಳು ಶಿಕ್ಷಕರಿಗೆ ಕೊಡುವ ಅಂಕಕ್ಕೂ ಅವರು ಕಲಿತದ್ದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ ಎಂದರು. ಇದನ್ನು ಸಭೆಯಲ್ಲಿ ಹೇಳಿದಾಗ ಒಬ್ಬ ಸೀನಿಯರ್ ಪ್ರೊಫೆಸರ್ ನಕ್ಕು, "ಇದಕ್ಕೆ ಅಮೆರಿಕಾಕ್ಕೆ ಹೋಗ್ಬೇಕಿತ್ತಾ?" ಅಂದರು.

ಆದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಕ್ಕಳ ಮತದಲ್ಲಿ ಸುಳ್ಳು ಇರಲಿಲ್ಲ. ಯಾರು ಹೆದರಿಸೋದಿಲ್ಲ, ಯಾರು ಕಾಯಿಸೋದಿಲ್ಲ ಅನ್ನೋದನ್ನು ಅವರು ಸರಿಯಾಗಿಯೇ ಹೇಳಿದ್ದರು. ಅದೂ ಬೇಕಾದ ಮಾಹಿತಿಯೇ. ನಾವು ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಟ್ಟಿದ್ದರು. ಕಲಿತಿರಾ ಎಂದು ನಾವು ಕೇಳಿರಲೇ ಇಲ್ಲ. ಕೇಳಿದ್ದರೂ, ಕಲಿತಿದ್ದು ಗೊತ್ತಾಗೋದು ಆಮೇಲೆ ತಾನೇ? ಎರಡನೇ ವರ್ಷದಲ್ಲಿ ಪ್ಲಾಸ್ಟಿಕ್ ಹಲ್ಲು ಕೊರೆಯುವವನಿಗೆ ತನಗೆ ಏನು ಸಿಗುತ್ತಿದೆ ಅನ್ನೋದರ ಅಂದಾಜೇ ಇರೋದಿಲ್ಲ.

ಅಲ್ಲಿ ಇಲ್ಲಿ ಹುಡುಕಾಟ

ಮೂರನೇ ವರ್ಷ ಮತ ಬಿಟ್ಟು ಫಲಿತಾಂಶ ಹಿಡಿದೆವು. ಯಾರ ವಿಷಯದಲ್ಲಿ ಜಾಸ್ತಿ ಪಾಸ್, ಅವರಿಗೆ ಪ್ರಶಸ್ತಿ. ಇದು ಬೇಗ ಕೆಟ್ಟಿತು. ಜನರಲ್ ಮೆಡಿಸಿನ್, ಫಾರ್ಮಕಾಲಜಿಯಂಥ ಕಷ್ಟದ ಪೇಪರ್ ಹೇಳಿಕೊಡುವವರು ಮೊದಲೇ ಸೋತಿದ್ದರು. ಒಂದು ವಿಭಾಗದಲ್ಲಿ ಹಾಜರಾತಿಯ ಲೆಕ್ಕ ಇದ್ದಕ್ಕಿದ್ದಂತೆ ಬಿಗಿಯಾಯಿತು. 75 ಪರ್ಸೆಂಟ್ ನಿಯಮ ಮೊದಲೂ ಇತ್ತು. ಆ ವರ್ಷ ಮಾತ್ರ ನಪಾಸಾಗುವ ಸಾಧ್ಯತೆ ಇದ್ದ ಮಕ್ಕಳೇ ಅದರ ಬಲೆಗೆ ಬಿದ್ದರು. ಪರೀಕ್ಷೆಗೇ ಕೂರದವನು ಫೇಲ್ ಆಗೋದು ಹೇಗೆ? ಪ್ರಿನ್ಸಿಪಾಲ್‌ಗೆ ವಿಷಯ ಗೊತ್ತಾದ ದಿನವೇ ಆ ಕ್ರಮ ನಿಂತಿತು.

ಆಮೇಲೆ ಫೈಲು. ಪ್ರತಿಯೊಬ್ಬರೂ ತಮ್ಮ ಬೋಧನೆಯ ಬಗ್ಗೆ ಒಂದು ಫೈಲ್ ಕೊಡಬೇಕು: ಪಾಠದ ಯೋಜನೆ, ಹೊಸ ವಿಧಾನ, ಫೋಟೊ, ವರ್ಕ್‌ಶಾಪ್ ಸರ್ಟಿಫಿಕೇಟ್. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ಕಾಲೇಜಿನಲ್ಲಿ ಕೆಲಸ ಮಾಡಿದವರಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. ಬಣ್ಣದ ಪ್ರಿಂಟು, ಸ್ಪೈರಲ್ ಬೈಂಡಿಂಗ್, ಎಲ್ಲ ಬಂತು. ಕಾನ್ಸ್ ಮೇಡಂ ಫೈಲ್ ಕೊಡಲೇ ಇಲ್ಲ. ನಾನೇ ಹೋಗಿ ಕೇಳಿದೆ. "ಅದನ್ನ ಮಾಡೋ ಹೊತ್ತಲ್ಲಿ ಒಂದು ಬ್ಯಾಚ್ ಪೂರ್ತಿ ನೋಡಬಹುದು ಸರ್" ಎಂದು ಹೇಳಿ, ಕೈಯಲ್ಲಿದ್ದ ಪ್ಲಾಸ್ಟರ್ ಬೌಲ್ ತೊಳೆಯಲು ಹೋದರು.

ತಿರುವು

ಕತೆ ತಿರುಗಿದ್ದು ಪ್ರಶಸ್ತಿಗೆ ಸಂಬಂಧವೇ ಇಲ್ಲದ ಒಂದು ಜಾಗದಲ್ಲಿ. ಇಂಟರ್ನ್‌ಗಳು ವಿಭಾಗದಿಂದ ವಿಭಾಗಕ್ಕೆ ಪೋಸ್ಟಿಂಗ್ ಮೇಲೆ ತಿರುಗುತ್ತಾರೆ. ಮಕ್ಕಳ ದಂತ ವಿಭಾಗದ, ನಾವು ಪೆಡೋ ಅನ್ನೋದು, ಒಬ್ಬ ಮೇಡಂ ಕ್ಯಾಂಟೀನ್‌ನಲ್ಲಿ ಒಂದು ಮಾತು ಹೇಳಿದರು. "ಈ ಸಲದ ಇಂಟರ್ನ್‌ಗಳಲ್ಲಿ ಅರ್ಧ ಜನ ಮಗು ಅಲ್ಲಾಡಿದರೂ ಡ್ರಿಲ್ಲಿನ ಬರ್ ಜಾರಿಸಲ್ಲ. ಉಂಗುರದ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿಕೊಂಡೇ ಇರುತ್ತೆ. ಇನ್ನರ್ಧ ಜನರದ್ದು ಗಾಳಿಯಲ್ಲಿ." ಯಾವ ಅರ್ಧ ಎಂದು ಕೇಳಿದೆ. ಅವರು ಹೆಸರು ಹೇಳುತ್ತಾ ಹೋದ ಹಾಗೆ, ಬಹಳಷ್ಟು ಹೆಸರು ಇಂಗ್ಲಿಷ್ ಅಕ್ಷರಮಾಲೆಯ ಮೊದಲ ಭಾಗದವು. ನಮ್ಮಲ್ಲಿ ಎರಡನೇ ವರ್ಷದ ಲ್ಯಾಬ್ ಬ್ಯಾಚ್ ಮಾಡೋದು ಹೆಸರಿನ ಅಕ್ಷರದ ಮೇಲೆ. ಆ ಸಾಲಿನ ಮೊದಲ ಬ್ಯಾಚ್ ಕಾನ್ಸ್ ಮೇಡಂ ಕೈಯಲ್ಲಿ ಇತ್ತು.

ಇಷ್ಟಕ್ಕೇ ತೀರ್ಮಾನಕ್ಕೆ ಬರೋಕೆ ಆಗೋದಿಲ್ಲ. ನಡುವೆ ಬೇರೆ ಶಿಕ್ಷಕರೂ ಬಂದಿರ್ತಾರೆ, ಚುರುಕು ಮಕ್ಕಳು ಒಂದೇ ಕಡೆ ಬಿದ್ದಿರಬಹುದು. ಆದರೆ ನಾವು ನೋಡಬೇಕಾದ ದಿಕ್ಕು ಯಾವುದು ಅನ್ನೋದು ಆಗ ಗೊತ್ತಾಯಿತು. ಫಾರ್ಮು, ಫಲಿತಾಂಶ, ಫೈಲು ಮೂರೂ ಶಿಕ್ಷಕರ ಬಗ್ಗೆ ಇದ್ದವು. ಪೆಡೋ ಮೇಡಂ ಮಾತು ವಿದ್ಯಾರ್ಥಿಯ ಬೆರಳಿನ ಬಗ್ಗೆ ಇತ್ತು.

ಸಮಿತಿ ಮೂರು ಕೆಲಸಕ್ಕೆ ಒಪ್ಪಿತು. ಪ್ರಾಯೋಗಿಕ ಪರೀಕ್ಷೆಯ ಹಲ್ಲುಗಳನ್ನು ಹೆಸರು ಮುಚ್ಚಿ ನೋಡೋದು. ಇಂಟರ್ನ್‌ಗಳನ್ನು ಮತ್ತು ಹೊರಗೆ ಹೋಗಿ ಕ್ಲಿನಿಕ್ ಹಾಕಿದ ಹಳೆಯ ವಿದ್ಯಾರ್ಥಿಗಳನ್ನು ಕೇಳೋದು. ಕೊನೆಗೆ, ಬೇರೆ ವಿಭಾಗದ ಇಬ್ಬರು ಹೋಗಿ ಲ್ಯಾಬ್‌ನಲ್ಲೋ ಕ್ಲಿನಿಕ್‌ನಲ್ಲೋ ಸುಮ್ನೆ ಕೂತು ನೋಡೋದು. ಅರ್ಜಿ ಯಾರೂ ಹಾಕಬೇಕಿಲ್ಲ.

ಮೊದಲನೆಯದರಲ್ಲೇ ಸಮಿತಿ ಸಿಕ್ಕಿಹಾಕಿಕೊಂಡಿತು. ಪರೀಕ್ಷೆಯಲ್ಲಿ ಕೊರೆದ ಹಲ್ಲುಗಳು ಪೆಟ್ಟಿಗೆಯಲ್ಲಿದ್ದವು. ಹೆಸರು ತೆಗೆದು ನಂಬರ್ ಹಾಕಿ ಇಬ್ಬರಿಗೆ ಕೊಟ್ಟೆವು. ಒಂದೇ ಹಲ್ಲಿಗೆ ಒಬ್ಬರು 'ಚೆನ್ನಾಗಿದೆ', ಇನ್ನೊಬ್ಬರು 'ಮತ್ತೆ ಮಾಡಿಸಿ'. ಕೆಲವು ವಾರ ಬಿಟ್ಟು ಅದೇ ಪೆಟ್ಟಿಗೆಯನ್ನು ಅದೇ ಇಬ್ಬರಿಗೆ ಕೊಟ್ಟರೆ, ತಮ್ಮ ಹಳೆಯ ಅಂಕದ ಜೊತೆಗೇ ಅವರಿಗೆ ತಾಳೆಯಾಗಲಿಲ್ಲ. ಒಂದು ನೋಟ ನೋಡಿ ಅಂಕ ಹಾಕುವ ಪದ್ಧತಿಯ ಈ ದೋಷ ಡೆಂಟಲ್ ಶಿಕ್ಷಣದಲ್ಲಿ ಹಳೆಯದು. ಅಂಕದಲ್ಲಿನ ಇಂಥ ಅಂದಾಜನ್ನು ಕಡಿಮೆ ಮಾಡಲೆಂದೇ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಓಸ್ಕಿ ಪರೀಕ್ಷೆಯನ್ನು ತಂದದ್ದು. ವಿದ್ಯಾರ್ಥಿ ಒಂದಾದ ಮೇಲೊಂದಕ್ಕೆ ಹೋಗುವ ಹಲವು ಚಿಕ್ಕ ನಿಲ್ದಾಣ, ಒಂದೊಂದರಲ್ಲೂ ಒಂದು ಕೆಲಸ, ಪ್ರತಿಯೊಂದಕ್ಕೂ ಚೆಕ್‌ಲಿಸ್ಟ್.

ಹಾಗಾಗಿ ಮೊದಲು ನಮ್ಮ ಕಣ್ಣು ಒಂದು ಮಾಡಿಕೊಳ್ಳಬೇಕಾಯಿತು. ನೋಡಬೇಕಿದ್ದದ್ದು ಕ್ಲಾಸ್ ಟೂ ಕ್ಯಾವಿಟಿ, ಅಂದರೆ ಎರಡು ದವಡೆ ಹಲ್ಲು ಒಂದಕ್ಕೊಂದು ತಾಗುವ ಬದಿಯ ಹುಳುಕಿಗೆ ಮಾಡುವ ಕುಳಿ. ಅಮೆರಿಕದ ದಂತವೈದ್ಯ ಜಿ.ವಿ. ಬ್ಲ್ಯಾಕ್ ಮಾಡಿದ ವಿಂಗಡಣೆಯ ಎರಡನೆಯದು, ನೂರು ವರ್ಷ ದಾಟಿದರೂ ನಾವು ಅದೇ ನಂಬರ್ ಬಳಸ್ತೀವಿ. ಆಳ ಎಷ್ಟಿರಬೇಕು, ತಳ ಸಮ ಇದೆಯೇ, ಅಂಚು ನೇರ ಇದೆಯೇ, ಪಕ್ಕದ ಹಲ್ಲಿಗೆ ಗೀರು ಬಿದ್ದಿದೆಯೇ. ಪ್ರತಿಯೊಂದಕ್ಕೂ ಜಗಳ. ಪಕ್ಕದ ಹಲ್ಲಿನ ಗೀರಿಗೆ ಎಷ್ಟು ಅಂಕ ಕಳೆಯಬೇಕು ಅನ್ನೋದರಲ್ಲೇ ಒಂದು ಮಧ್ಯಾಹ್ನ ಹೋಯಿತು. "ಅದು ಪ್ಲಾಸ್ಟಿಕ್ ಹಲ್ಲು ಕಣ್ರೀ" ಎಂದು ಒಬ್ಬರು. "ನಾಳೆ ಅದು ರೋಗಿಯ ಆರೋಗ್ಯವಾಗಿದ್ದ ಹಲ್ಲು" ಎಂದು ಇನ್ನೊಬ್ಬರು. ಒಪ್ಪಂದವಾದ ಮೇಲೆ ನೋಡಿದಾಗ ಅಂಕಗಳು ಹತ್ತಿರ ಬಂದವು. ಕಾನ್ಸ್ ಮೇಡಂ ಬ್ಯಾಚಿನ ಹಲ್ಲುಗಳಲ್ಲಿ ಒಂದು ವಿಷಯ ಎದ್ದು ಕಂಡಿತು. ಎಲ್ಲವೂ ಸುಂದರವಾಗಿದ್ದವು ಎಂದಲ್ಲ. ಆದರೆ ಪಕ್ಕದ ಹಲ್ಲಿಗೆ ಪೆಟ್ಟು ಬಿದ್ದದ್ದು ಬಹಳ ಕಡಿಮೆ, ಅತಿ ಆಳಕ್ಕೆ ಹೋದದ್ದೂ ಕಡಿಮೆ. ಅಂದರೆ ಅವರ ಮಕ್ಕಳು ಮಾಡುತ್ತಿದ್ದ ತಪ್ಪುಗಳು ಸರಿ ಮಾಡಬಹುದಾದ ತಪ್ಪುಗಳು.

ಈ ಜಗಳದ ಮಧ್ಯಾಹ್ನಗಳಿಂದ ನಮಗೆ ಪ್ರಶಸ್ತಿಗಿಂತ ದೊಡ್ಡ ಲಾಭವಾಯಿತು ಎಂದು ಈಗಲೂ ನನಗೆ ಅನಿಸುತ್ತದೆ. ಒಳ್ಳೆಯ ಕೆಲಸ ಯಾವುದು ಎಂದು ಶಿಕ್ಷಕರೇ ಒಪ್ಪದಿದ್ದಾಗ, ಒಳ್ಳೆಯ ಶಿಕ್ಷಕರು ಯಾರು ಎಂದು ಆರಿಸೋದು ಚೀಟಿ ಎತ್ತಿದ ಹಾಗೆ.

ಲ್ಯಾಬ್‌ನಲ್ಲಿ ಕಂಡದ್ದು

ಭೇಟಿಗೆ ಹೋದವರು ಆರ್ಥೋ (ವಕ್ರ ಹಲ್ಲು ಸರಿ ಮಾಡುವ) ವಿಭಾಗದ ಒಬ್ಬ ಸರ್ ಮತ್ತು ಪೆರಿಯೊ (ವಸಡಿನ) ವಿಭಾಗದ ಒಬ್ಬ ಮೇಡಂ. ಯಾವ ವಾರ ಎಂದು ಮಾತ್ರ ಮೊದಲೇ ಹೇಳಿದ್ದೆವು, ಯಾವ ದಿನ ಎಂದು ಹೇಳಿರಲಿಲ್ಲ. ಸೂಚನೆ ಇಷ್ಟೇ: ಮಾತಾಡಬೇಡಿ, ಅಂಕ ಹಾಕಬೇಡಿ, ಕಂಡದ್ದನ್ನು ಬರೆಯಿರಿ. ಅವರ ಬರಹದ ಒಂದು ಭಾಗವನ್ನು ಇಲ್ಲಿ ನನ್ನ ಮಾತಿನಲ್ಲಿ ಕೊಡುತ್ತೇನೆ.

ಒಬ್ಬ ಹುಡುಗಿ ಕೆಳಗಿನ ಮೊದಲ ದವಡೆ ಹಲ್ಲಿನಲ್ಲಿ ಕ್ಲಾಸ್ ಟೂ ಮಾಡಿ ಮುಗಿಸಿ ಕೈ ಎತ್ತಿದಳು. ಕಾನ್ಸ್ ಮೇಡಂ ಬಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತರು. ಹಲ್ಲು ನೋಡುವ ಮೊದಲು, "ಹತ್ತಕ್ಕೆ ಎಷ್ಟು ಕೊಡ್ತೀಯ ನೀನೇ?" ಎಂದು ಕೇಳಿದರು. "ಏಳು ಮೇಡಂ." "ಹೋದ ಮೂರು ಎಲ್ಲಿ?" ಹುಡುಗಿ ತಳ ಸ್ವಲ್ಪ ಇಳಿಜಾರಾಗಿದೆ ಎಂದಳು. "ಅಳತೆ ಮಾಡಿ ತೋರಿಸು." ಅವಳು ಪ್ರೋಬ್, ಅಂದರೆ ಅಳತೆಯ ಗೀಟು ಹಾಕಿದ ಕಡ್ಡಿ, ಇಟ್ಟಳು. "ಎರಡು ಮಿಲಿಮೀಟರ್." "ಆ ಮೂಲೆ?" ಪ್ರೋಬ್ ಮೂಲೆಗೆ ಹೋಯಿತು. ಹುಡುಗಿ ಒಂದು ಕ್ಷಣ ತಡೆದು, "ಮೂರು" ಎಂದಳು. "ನಿಜವಾದ ಹಲ್ಲಾಗಿದ್ರೆ ಅಲ್ಲಿ ಏನು ಹತ್ತಿರ ಇರುತ್ತೆ?" "ಪಲ್ಪ್ ಮೇಡಂ." ಪಲ್ಪ್ ಅಂದರೆ ಹಲ್ಲಿನೊಳಗಿನ ನರದ ಭಾಗ.

ಇಲ್ಲಿ ಬಹಳ ಶಿಕ್ಷಕರು ಮುಂದಿನ ಬೆಂಚಿಗೆ ಹೋಗಿಬಿಡ್ತಾರೆ. ತಪ್ಪು ಗೊತ್ತಾಯಿತು, ಮತ್ತೆ ಮಾಡು, ಅಷ್ಟೇ. ಮೇಡಂ ಹೋಗಲಿಲ್ಲ. "ಆ ಮೂಲೆಯೊಂದೇ ಯಾಕೆ ಇಳೀತು? ಮತ್ತೆ ಹಿಡಿ ನೋಡೋಣ, ಗಾಳಿಯಲ್ಲೇ" ಎಂದರು. ಹುಡುಗಿ ಏರೋಟರ್ ಹಿಡಿದು ತೋರಿಸಿದಳು. ಮೇಡಂ ಹಲ್ಲಿನ ಕಡೆ ನೋಡಲೇ ಇಲ್ಲ. ಬಗ್ಗಿ ಸ್ಟೂಲ್ ನೋಡಿದರು. ಅದು ಎತ್ತರವಾಗಿತ್ತು. ಹುಡುಗಿ ಕುಳ್ಳಿ. ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ಹಾಗಾಗಿ ಮೈ ಮುಂದಕ್ಕೆ ಬಾಗಿ, ಮೊಣಕೈ ಮೇಲೆದ್ದು, ಉಂಗುರದ ಬೆರಳಿಗೆ ಆಸರೆ ತಪ್ಪಿ, ದೂರದ ಮೂಲೆಗೆ ಬರುವಾಗ ಬರ್ ಕೆಳಕ್ಕೆ ಇಳಿಯುತ್ತಿತ್ತು. ಸ್ಟೂಲ್ ಇಳಿಸಿದರು, ಬೊಂಬೆ ತಲೆಯನ್ನು ಒಂದು ಹಿಡಿ ತಗ್ಗಿಸಿದರು, ಬಾಯಿ ಕನ್ನಡಿ ಹಿಡಿಯುವ ರೀತಿ ಬದಲಿಸಿದರು. "ಈಗ ಇನ್ನೊಂದು ಹಲ್ಲು ಹಾಕ್ಕೊ." ಸಹಿ ಆಗಲಿಲ್ಲ. ಹುಡುಗಿಯ ಮುಖ ಇಳಿದಿತ್ತು ಎಂದೂ ವರದಿಯಲ್ಲಿದೆ.

ಆರ್ಥೋ ಸರ್ ತಮ್ಮ ಟಿಪ್ಪಣಿಯ ಕೊನೆಗೆ ಒಂದು ವಾಕ್ಯ ಬರೆದಿದ್ದರು. ಆ ಮಧ್ಯಾಹ್ನ ಮೇಡಂ ಒಮ್ಮೆಯೂ ವಿದ್ಯಾರ್ಥಿಯ ಹ್ಯಾಂಡ್‌ಪೀಸ್, ಅಂದರೆ ಕೈಯಲ್ಲಿ ಹಿಡಿಯುವ ಡ್ರಿಲ್, ಮುಟ್ಟಲಿಲ್ಲ. ಇದು ಹೊರಗಿನವರಿಗೆ ಸಣ್ಣದು ಅನಿಸಬಹುದು. ಕೈಗೆ ಬಂದ ಕೆಲಸವನ್ನು ಕೈಕಟ್ಟಿ ನೋಡೋದು ಎಷ್ಟು ಕಷ್ಟ ಎಂದು ಡೆಂಟಿಸ್ಟ್‌ಗಳಿಗೆ ಗೊತ್ತು. ನಮ್ಮ ಬೆರಳು ತಾನಾಗಿಯೇ ಮುಂದೆ ಹೋಗುತ್ತದೆ.

ಪ್ರಾಸ್ಥೋ ಸರ್ ಕ್ಲಿನಿಕ್‌ಗೂ ಅದೇ ಇಬ್ಬರು ಹೋಗಿದ್ದರು. ಅಲ್ಲಿನ ವರದಿ ಓದಲು ಹಿತವಾಗಿತ್ತು. ರೋಗಿಯೊಡನೆ ಮಾತಾಡುವ ರೀತಿಯನ್ನು ಯಾರಾದರೂ ಕಲಿಯಬೇಕಾದರೆ ಅಲ್ಲಿಗೇ ಹೋಗಬೇಕು ಎಂದು ಪೆರಿಯೊ ಮೇಡಂ ಬರೆದಿದ್ದರು. ಅದರ ಜೊತೆಗೇ ಇನ್ನೊಂದು ಮಾತು: ಕಷ್ಟದ ಹಂತ ಬಂದಾಗಲೆಲ್ಲ ಅಚ್ಚು ತೆಗೆಯುವ ಟ್ರೇ ಸರ್ ಕೈಯಲ್ಲಿ ಇರುತ್ತಿತ್ತು.

ಇಂಟರ್ನ್‌ಗಳ ಪ್ರಶ್ನೆ

ಇಂಟರ್ನ್‌ಗಳಿಗೆ ಯಾರು ಒಳ್ಳೆಯ ಶಿಕ್ಷಕರು ಎಂದು ಕೇಳಬಾರದು ಎಂದು ನಾನು ಹಟ ಹಿಡಿದೆ. ಕೇಳಿದರೆ ಮತ್ತೆ ಅದೇ ಹೆಸರು ಬರುತ್ತದೆ. ಬದಲಿಗೆ ಕೇಳಿದ್ದು ಹೀಗೆ: "ರೋಗಿಯ ಎದುರು ಒಬ್ಬರೇ ಇದ್ದಾಗ, ಕೈ ತಡೆದಾಗ, ಯಾರ ಮಾತು ನೆನಪಾಗುತ್ತದೆ? ಯಾವ ಮಾತು?" ಹಳೆಯ ವಿದ್ಯಾರ್ಥಿಗಳಿಗೂ ಇದೇ.

ಉತ್ತರಗಳು ಬೇರೆಯೇ ಇದ್ದವು. ಪ್ರಾಸ್ಥೋ ಸರ್ ಹೆಸರು ಬಂತು, ಪ್ರೀತಿಯಿಂದಲೇ ಬಂತು, ಆದರೆ ಮಾತು ಬರಲಿಲ್ಲ. "ಸರ್ ಇದ್ದಿದ್ರೆ ಮಾಡಿಕೊಡ್ತಿದ್ರು" ಎಂದು ಒಬ್ಬ ಬರೆದಿದ್ದ. ತಾಲ್ಲೂಕು ಊರಿನಲ್ಲಿ ಒಬ್ಬನೇ ಕ್ಲಿನಿಕ್ ಇಟ್ಟುಕೊಂಡವನಿಗೆ ಸರ್ ಎಲ್ಲಿ ಸಿಗ್ತಾರೆ? ಕಾನ್ಸ್ ಮೇಡಂ ವಿಷಯದಲ್ಲಿ ಮಾತುಗಳೇ ಬಂದವು. "ಮೊದಲು ಕಾಲು ಊರು, ಆಮೇಲೆ ಬೆರಳು ಊರು." "ಹತ್ತಕ್ಕೆ ಎಷ್ಟು?" ಎಡಗೈ ಬಳಸುವ ಒಬ್ಬ ಹುಡುಗ ಉದ್ದಕ್ಕೆ ಬರೆದಿದ್ದ. ಡೆಂಟಲ್ ಚೇರು, ಟ್ರೇ ಎಲ್ಲ ಬಲಗೈಯವರಿಗೆ ಜೋಡಿಸಿದ್ದು. ಮೊದಲ ವರ್ಷ ಪೂರ್ತಿ ಅವನಿಗೆ ಬಲಗೈಯಲ್ಲಿ ಮಾಡು ಎಂದೇ ಹೇಳಿದ್ದರಂತೆ. ಮೇಡಂ ಅವನನ್ನು ಸಾಲಿನ ಕೊನೆಯ ಬೆಂಚಿಗೆ ಕಳಿಸಿ, ಹ್ಯಾಂಡ್‌ಪೀಸ್ ಪೈಪು ಆ ಕಡೆಯಿಂದ ಎಳೆಸಿ, ರೋಗಿಯ ತಲೆಯ ಸುತ್ತ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಗುರುತಿಸುವ ಕೂರುವ ಜಾಗವನ್ನು ತಿರುವಿ ಹಾಕಿಕೊಟ್ಟರಂತೆ.

ಹೆದರಿಕೆಯ ಮಾತೂ ಬಂತು. ಇದನ್ನು ಸಮಿತಿ ಬಿಟ್ಟುಬಿಡಲಿಲ್ಲ. ಹೆದರಿಸಿ ಕಲಿಸುವವರಿಗೆ ಶಾಲು ಹೊದಿಸಿದರೆ ನಾಳೆ ಎಲ್ಲರೂ ಬೈಯೋಕೆ ಶುರು ಮಾಡ್ತಾರೆ ಎಂದು ಒಬ್ಬ ಸದಸ್ಯೆ ಖಡಾಖಂಡಿತವಾಗಿ ಹೇಳಿದರು. ಡೆಂಟಲ್ ಕಾಲೇಜುಗಳಲ್ಲಿ ಮೇಣದ ಹಲ್ಲು ಮುರಿದು ಬಿಸಾಡುವ, ರೋಗಿಯ ಎದುರೇ ವಿದ್ಯಾರ್ಥಿಯ ಮರ್ಯಾದೆ ತೆಗೆಯುವ ಶಿಕ್ಷಕರನ್ನು ನಾವೆಲ್ಲ ಕಂಡಿದ್ದೇವೆ. ಹಾಗಾಗಿ ಕೆಲವರನ್ನು ಕರೆದು ನೇರವಾಗಿ ಕೇಳಿದೆವು. "ಸಹಿ ಸಿಗಲ್ಲ ಅಂತ ಭಯ ಇತ್ತು. ಎಲ್ಲರ ಮುಂದೆ ನಗೆಪಾಟಲು ಮಾಡ್ತಾರೆ ಅಂತ ಭಯ ಇರ್ಲಿಲ್ಲ" ಎಂದು ಒಬ್ಬಳು ಹೇಳಿದಳು. ಬಸ್ ತಪ್ಪುವ ದೂರು ಮಾತ್ರ ನಿಜವೇ ಆಗಿತ್ತು. ಅದಕ್ಕೆ ಮೇಡಂ ಏನು ಮಾಡಿಯಾರು? ಒಂದು ಬ್ಯಾಚಿಗೆ ಇರಬೇಕಾದ ಸ್ಟಾಫ್ ಇರಲಿಲ್ಲ.

ಆದದ್ದು

ಆ ವರ್ಷದ ಪ್ರಶಸ್ತಿ ಕಾನ್ಸ್ ಮೇಡಂಗೆ ಹೋಯಿತು. ಒಟ್ಟು ಅಂಕ ಹಾಕಲಿಲ್ಲ. ಕಾರಣವನ್ನು ಒಂದು ಪುಟದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದೆವು. ಸ್ಟೂಲ್ ಇಳಿಸಿದ ಪ್ರಸಂಗ ಹೆಸರಿಲ್ಲದೆ ಅದರಲ್ಲಿತ್ತು. ಇದು ಪ್ರಿನ್ಸಿಪಾಲರ ತೀರ್ಮಾನ, ನನಗೆ ಬಹಳ ಸರಿ ಅನಿಸಿದ್ದು. ಯಾರಿಗೆ ಅನ್ನೋದರ ಜೊತೆ ಯಾಕೆ ಅನ್ನೋದೂ ತಿಳಿದರೆ, ಉಳಿದವರು ಅದನ್ನು ಮಾಡಿ ನೋಡಬಹುದು. ಮುಂದಿನ ವಾರ ಪ್ರಾಸ್ಥೋ ಲ್ಯಾಬ್‌ನಲ್ಲೂ ಸ್ಟೂಲ್‌ಗಳು ಇಳಿದದ್ದನ್ನು ನಾನು ನೋಡಿದೆ.

ಏನು ಕೊಡೋದು ಅನ್ನೋದನ್ನೂ ಮೇಡಂಗೇ ಕೇಳಿದ್ದೆವು. ಅವರು ಕೇಳಿದ್ದು ಎರಡು. ನ್ಯಾಕ್ ಫೈಲ್ ಕೆಲಸದಿಂದ ಒಂದು ವರ್ಷ ಬಿಡುವು, ಲ್ಯಾಬ್‌ಗೆ ಇನ್ನೊಬ್ಬ ಲೆಕ್ಚರರ್. ಮೊದಲನೆಯದು ಅಂದೇ ಸಿಕ್ಕಿತು. ಎರಡನೆಯದಕ್ಕೆ ಮ್ಯಾನೇಜ್‌ಮೆಂಟ್ ಮುಂದಿನ ಅಡ್ಮಿಷನ್ ನೋಡಿಕೊಂಡು ಹೇಳ್ತೀವಿ ಎಂದಿತು. ಶಾಲು, ಹಣ್ಣಿನ ಬುಟ್ಟಿಯೂ ಇತ್ತು ಅನ್ನಿ. ಪೇಟ ಬೇಡ ಎಂದರು.

ಪ್ರಾಸ್ಥೋ ಸರ್‌ಗೆ ನೋವಾಯಿತು. ಇಲ್ಲ ಅನ್ನೋದು ಸುಳ್ಳು. ಕೆಲವು ದಿನ ಸಮಿತಿಯವರ ಜೊತೆ ಅಷ್ಟಕ್ಕಷ್ಟೇ ಮಾತು. ಆಮೇಲೆ ಅವರಾಗಿಯೇ ಬಂದು ತಮ್ಮ ಭೇಟಿಯ ವರದಿ ಕೇಳಿದರು. ಇಂಟರ್ನ್‌ನ ಆ ಒಂದು ಸಾಲನ್ನು ಎರಡು ಸಲ ಓದಿದರು. "ಅವನಿಗೆ ಸಹಾಯ ಮಾಡ್ತಿದೀನಿ ಅಂತಲೇ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿದರು. ಈಗ ಅವರ ಕ್ಲಿನಿಕ್‌ನಲ್ಲಿ ಒಂದು ನಿಯಮ ಇದೆ. ರೋಗಿಯ ಅನುಮತಿ ಪಡೆದು ಮೊದಲ ಸಲ ಸರ್ ಮಾಡಿ ತೋರಿಸ್ತಾರೆ, ಅದನ್ನು ತೆಗೆದುಹಾಕಿ ಎರಡನೇ ಸಲ ವಿದ್ಯಾರ್ಥಿ ಮಾಡಬೇಕು. ಕೋಟಾ ನಿಧಾನವಾಗಿದೆ ಎಂದು ಮಕ್ಕಳು ಗೊಣಗ್ತಾರೆ. ನನ್ನ ಪ್ರಕಾರ ಈ ಇಡೀ ಪ್ರಯತ್ನದ ದೊಡ್ಡ ಫಲ ಇದು.

ಆಗದೇ ಉಳಿದದ್ದೂ ಇದೆ. ಮೇಡಂ ಇನ್ನೂ ರೀಡರ್ ಆಗಿಯೇ ಇದ್ದಾರೆ. ಪ್ರೊಫೆಸರ್ ಆಗಲು ಬೇಕಾದ ಪ್ರಬಂಧಗಳ ಲೆಕ್ಕ ತುಂಬಿಲ್ಲ. ಆ ಲೆಕ್ಕ ಕಾಲೇಜಿನ ಕೈಯಲ್ಲಿಲ್ಲ. ಲ್ಯಾಬ್‌ನಲ್ಲಿ ಮಾಡೋದನ್ನೇ ಬರೆಯಿರಿ, ಕೂರುವ ಭಂಗಿ ಸರಿ ಮಾಡಿದರೆ ಕ್ಯಾವಿಟಿ ಸುಧಾರಿಸುತ್ತದೆಯೇ ಎಂದು ಕ್ರಮವಾಗಿ ನೋಡಿ, ನಾನು ಲೆಕ್ಕ ಹಾಕಿಕೊಡ್ತೀನಿ ಎಂದು ಹೇಳಿದ್ದೇನೆ. ಎಥಿಕ್ಸ್ ಕಮಿಟಿಗೆ ಅರ್ಜಿ ಹೋಗಿದೆ.

ಇದನ್ನು ಬೇರೆಯವರು ಮಾಡುವುದಾದರೆ

ಸಮಯ ಬಹಳ ಹಿಡಿಯುತ್ತದೆ. ಇಬ್ಬರು ಸ್ಟಾಫ್ ಅರ್ಧ ದಿನ ಸುಮ್ನೆ ಕೂರಬೇಕು ಅಂದರೆ ಅವರ ಕ್ಲಿನಿಕ್ ಬೇರೆಯವರು ನೋಡಬೇಕು. ಎಲ್ಲ ಶಿಕ್ಷಕರಿಗೂ ಇದನ್ನು ಮಾಡೋಕೆ ಆಗೋದಿಲ್ಲ. ನಾವು ಇಂಟರ್ನ್‌ಗಳ ಉತ್ತರದಲ್ಲಿ ಮತ್ತೆ ಮತ್ತೆ ಬಂದ ಹೆಸರುಗಳಿಗೆ ಮಾತ್ರ ಭೇಟಿ ಇಟ್ಟುಕೊಂಡೆವು. ಹೊಸದಾಗಿ ಸೇರಿದವರಿಗೆ ಇದರಿಂದ ಅನ್ಯಾಯವಾಗುತ್ತದೆ, ಅವರ ವಿದ್ಯಾರ್ಥಿಗಳು ಇನ್ನೂ ಇಂಟರ್ನ್ ಆಗಿರೋದಿಲ್ಲ. ಅದಕ್ಕೆ ಅವರ ಲ್ಯಾಬ್‌ಗೆ ಪ್ರತ್ಯೇಕ ಭೇಟಿ ಶುರು ಮಾಡಿದ್ದೇವೆ, ಪ್ರಶಸ್ತಿಗೆ ಅಲ್ಲ, ಅವರಿಗೇ ತೋರಿಸೋಕೆ.

ಭೇಟಿಗೆ ಅದೇ ವಿಭಾಗದವರನ್ನು ಕಳಿಸಬೇಡಿ. ಅವರು ಕ್ಯಾವಿಟಿ ಸರಿಯೋ ತಪ್ಪೋ ಎಂದು ನೋಡ್ತಾ ಕೂರುತ್ತಾರೆ. ಹೊರಗಿನವರಿಗೆ ಕ್ಯಾವಿಟಿಯ ಸೂಕ್ಷ್ಮ ಅಷ್ಟು ಗೊತ್ತಾಗೋದಿಲ್ಲ, ಹಾಗಾಗಿ ಅವರ ಕಣ್ಣು ವಿದ್ಯಾರ್ಥಿಯ ಮೇಲೆ ನಿಲ್ಲುತ್ತದೆ. ಸ್ಟೂಲ್ ಕಂಡದ್ದು ಆರ್ಥೋದವರಿಗೆ.

ಚೇರ್ ಪಕ್ಕದ ಕೆಲಸವೇ ಇಲ್ಲದ ವಿಷಯಗಳೂ ಇವೆ. ಓರಲ್ ಪೆಥಾಲಜಿಯಲ್ಲಿ ಮೈಕ್ರೋಸ್ಕೋಪ್ ಪಕ್ಕ ಕೂತು ನೋಡಿದೆವು, ಒಂದು ಮಟ್ಟಿಗೆ ಸರಿಹೋಯಿತು. ಸ್ಲೈಡ್‌ನಲ್ಲಿ ಏನು ಕಾಣ್ತಿದೆ ಎಂದು ಮೊದಲು ವಿದ್ಯಾರ್ಥಿಯ ಬಾಯಲ್ಲಿ ಹೇಳಿಸುವವರು, ತಾವೇ ಹೇಳಿಬಿಡುವವರು, ಇಬ್ಬರ ನಡುವಿನ ವ್ಯತ್ಯಾಸ ಅಲ್ಲೂ ಕಂಡಿತು. ಫಾರ್ಮಕಾಲಜಿ, ಜನರಲ್ ಮೆಡಿಸಿನ್‌ನಂಥ ಲೆಕ್ಚರ್ ವಿಷಯಗಳಿಗೆ ನಮ್ಮ ಬಳಿ ಇನ್ನೂ ಸರಿಯಾದ ದಾರಿಯಿಲ್ಲ.

ಈಗ ಮ್ಯಾನೇಜ್‌ಮೆಂಟ್ ಹೊಸದೊಂದು ಕೇಳುತ್ತಿದೆ. ಭೇಟಿಯ ವರದಿಗಳನ್ನು ಸಂಬಳ ಏರಿಕೆಯ ಸಮಿತಿಗೂ ಕೊಡಿ ಎಂದು. ಸಮಿತಿ ಎರಡು ಹೋಳಾಗಿದೆ. ಬೋಧನೆಗೆ ಬೆಲೆ ಇಲ್ಲ ಎಂದು ಗೋಳಾಡಿದವರೇ ನೀವು, ಈಗ ಬೆಲೆ ಕಟ್ಟೋಕೆ ಬಂದರೆ ಬೇಡ ಅಂತೀರಾ ಎಂದು ಒಂದು ಕಡೆ. ಸಂಬಳಕ್ಕೆ ಕಟ್ಟಿದ ದಿನದಿಂದ ಭೇಟಿಯ ವಾರದಲ್ಲಿ ಎಲ್ಲರೂ ಕೈಕಟ್ಟಿ ನಿಂತು ಪ್ರಶ್ನೆ ಕೇಳುವ ನಾಟಕ ಆಡ್ತಾರೆ ಎಂದು ಇನ್ನೊಂದು ಕಡೆ. ನಾನು ಎರಡನೆಯ ಗುಂಪಿನಲ್ಲಿದ್ದೇನೆ. ಶಿಕ್ಷಕರು ತಾವಾಗಿಯೇ ಒಪ್ಪಿ ಕೊಟ್ಟರೆ ಮಾತ್ರ ವರದಿ ಹೊರಗೆ ಹೋಗಲಿ ಎಂದು ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಯ ಅಜೆಂಡಾದಲ್ಲಿ ಅದು ಮೊದಲನೇ ವಿಷಯ.